ಬೆಂಕಿ ಬಿದ್ದರೆ ಏನು ಹಿಡಿದು ಓಡುತ್ತೀ?

ನಮ್ಮ ಸೋದರಮಾವನ ಮನೆಗೆ ಯಾರೇ ಬಂದರೂ ಅವರಿಗೆ ಮೊದಲು ಸಿಗುತ್ತಿದ್ದುದು ನೀರಲ್ಲ, ಬೆಂಕಿ. ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ವಾಡಿ ಜಂಕ್ಷನ್ನಿನ ಬಿಸಿಲಲ್ಲಿ ಬೆಂದು ಬಂದ ನೆಂಟರು ಚಪ್ಪಲಿ ಬಿಟ್ಟು, ಪಡಸಾಲೆಯ ಕಂಬಕ್ಕೆ ಒರಗಿ, ಟವೆಲ್ಲಿನಿಂದ ಮುಖ ಒರೆಸಿಕೊಳ್ಳುವಷ್ಟರಲ್ಲಿ ಮಾಮ ಎದುರಿಗೆ ಬಂದು ಕುಳಿತುಬಿಡುತ್ತಿದ್ದರು. ಮಳೆ ಬಂತೇ, ಮಕ್ಕಳು ಹೇಗಿದ್ದಾರೆ, ಯಾವ ಗಾಡಿಗೆ ಬಂದಿರಿ, ಇದೊಂದೂ ಇಲ್ಲ. ಬಹಳ ಮೃದುವಾದ ದನಿಯಲ್ಲಿ ಕೇಳುತ್ತಿದ್ದರು:

"ಈಗ ನಿಮ್ಮ ಮನಿಗಿ ಬೆಂಕಿ ಹತ್ಯಾದ ಅಂತ ತಿಳ್ಕೋರಿ. ಒಂದೇ ಒಂದು ವಸ್ತು ತಗೊಂಡು ಹೊರಗ ಬರಬಹುದು. ಏನ್ ತರ್ತೀರಿ?"

ಕೆಲವರು ನಗುತ್ತಿದ್ದರು. ಕೆಲವರು ನಕ್ಕಂತೆ ಮಾಡಿ ಮುಂದಿನ ಗಾಡಿಯ ವೇಳೆ ಕೇಳುತ್ತಿದ್ದರು. ಸೇಡಂ ಕಡೆಯ ಒಬ್ಬ ದೂರದ ಬಂಧುವಂತೂ ಚಹಾ ಬರುವ ಮೊದಲೇ ಎದ್ದು, ಸ್ಟೇಷನ್ನಿಗೆ ಓಡಿ, ಸಿಕ್ಕ ಪ್ಯಾಸೆಂಜರ್ ಹತ್ತಿ ಊರಿಗೆ ಹೋಗಿ ತಮ್ಮ ಮನೆಯನ್ನು ಕಣ್ಣಾರೆ ನೋಡಿದ ಮೇಲೆಯೇ ಅನ್ನ ಉಂಡರು. ನಾಲ್ಕು ದಿನಕ್ಕೆ ಅವರಿಂದ ಕಾರ್ಡು ಬಂತು: "ಮನಿ ನೆಟ್ಟಗದ. ಇನ್ನೊಮ್ಮಿ ಯಾರಿಗೂ ಹಂಗ ಕೇಳಬ್ಯಾಡ್ರಿ."

ಮಾಮ ಆ ಕಾರ್ಡನ್ನು ಎರಡು ಸಲ ಓದಿ ಹೇಳಿದ್ದು ಇಷ್ಟೇ. "ಏನ್ ತರ್ತೀನಿ ಅಂಬೋದು ಬರದೇ ಇಲ್ಲಲ್ಲ."

ಈ ಮನುಷ್ಯನ ಕಸುಬು ಏನಾಗಿತ್ತು ಗೊತ್ತೆ? ಇಪ್ಪತ್ತೈದು ವರ್ಷ ಉಗಿಬಂಡಿಯ ಇಂಜಿನ್ನಿನಲ್ಲಿ ಕಲ್ಲಿದ್ದಲು ಎತ್ತಿ ಎತ್ತಿ ಬೆಂಕಿಗೆ ಉಣಿಸುವುದು! ಊರಿಗೆ ಊರೇ ಒಲೆ ಆರಿಸಿ ಮಲಗಿದಾಗಲೂ ಇವರ ಇಂಜಿನ್ನಿನ ಒಲೆ ವಾಡಿಯಿಂದ ಹೊರಟು ಗಡಿ ದಾಟುತ್ತಿತ್ತು. ಬೆಂಕಿಯನ್ನು ಸಾಕಿ ನಿವೃತ್ತರಾದ ಮನುಷ್ಯ ಮನೆಯಲ್ಲಿ ಕಡ್ಡಿಪೆಟ್ಟಿಗೆಯನ್ನು ಕಬ್ಬಿಣದ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ನೀರಿನ ಹಂಡೆಯ ಪಕ್ಕದಲ್ಲಿಟ್ಟು, ಅದರ ಮೇಲೆ ಒಂದು ಕಲ್ಲು ಹೇರಿದ್ದರು. ಅತ್ತಿ, ಅಂದರೆ ಅವರ ಹೆಂಡತಿ, ಒಲೆ ಹಚ್ಚಬೇಕಾದಾಗ ಮೊದಲು ಕಲ್ಲು ಹೊರಬೇಕಿತ್ತು.

ಅವರ ಜೊತೆ ಕೆಲಸ ಮಾಡಿದ ಒಬ್ಬ ಡ್ರೈವರು ಒಮ್ಮೆ ಮನೆಗೆ ಬಂದಾಗ, ಮಾಮ ಒಳಗೆ ಹೋದ ಸಮಯ ನೋಡಿ ನನಗೆ ಹೇಳಿದರು. "ನಿಮ್ಮ ಮಾಮ ಕೆಲಸಕ್ಕ ಭಾಳ ಚಲೋ ಮನಿಷ್ಯಾ. ಆದ್ರ ಒಂದು ಮಾತು. ಒಲಿ ಬಾಗಿಲ ತೆರದ್ರ ಎಲ್ಲಾರೂ ಮಾರಿ ಹಿಂದಕ್ಕ ತಗೋತಾರ. ಇಂವ ಮುಂದಕ್ಕ ಹೋಗಿ ಒಳಗ ನೋಡಲಿಕತ್ತಿದ್ದ. ಯಾರನ್ನೋ ಹುಡುಕೋರಂಗ."

ನಾನು ನಕ್ಕೆ. ಆಗ ನಾನು ಎಲ್ಲದಕ್ಕೂ ನಗುತ್ತಿದ್ದೆ. ಬಿ.ಎ. ಓದುತ್ತಿದ್ದ ಹುಡುಗಿಯಲ್ಲವೆ!

ನನ್ನಪ್ಪ ಚಿಂಚೋಳಿ ಕಡೆಯ ಹಳ್ಳಿಯೊಂದರಲ್ಲಿ ಶಾಲೆಯ ಮಾಸ್ತರರು. ಕಾಲೇಜಿದ್ದುದು ಗುಲಬರ್ಗಾದಲ್ಲಿ. ವಾಡಿಯಿಂದ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿಬರಬಹುದೆಂದು ನನ್ನನ್ನು ಮಾಮನ ಮನೆಯಲ್ಲಿ ಬಿಟ್ಟಿದ್ದರು. ಮನೆಯಲ್ಲಿ ಮಾಮ, ಅತ್ತಿ, ಅತ್ತಿಯ ತಾಯಿ ಅಂದರೆ ನಾವೆಲ್ಲ ಅಜ್ಜಿ ಎನ್ನುತ್ತಿದ್ದ ಅರೆಗಿವುಡಿ, ಮತ್ತು ನಾನು. ನಾಲ್ಕೇ ಜನ. ಈ ಲೆಕ್ಕ ನೆನಪಿಡಿ, ಮುಂದೆ ಬೇಕಾಗುತ್ತದೆ.

ಬಂದ ಮೊದಲ ವಾರ ಒಂದು ಸಂಜೆ, ಊಟ ಮುಗಿದಿತ್ತು. ಪಡಸಾಲೆಯಿಂದ ಮಾಮ ಕೂಗಿ ಕೇಳಿದರು. "ಸಾಹೇಬ್ರು ಮಲಗಿದ್ರೇನು?"

ಅಡಿಗೆಮನೆಯಿಂದ ಅತ್ತಿ, "ಇನ್ನಾ ಇಲ್ಲ. ಒಂದು ಕಣ್ಣು ತೆರಕೊಂಡೇ ಅದಾರ" ಎಂದಳು.

ಅಡಿಗೆಮನೆಯಲ್ಲಿ ಯಾವ ಸಾಹೇಬ? ನಾಲ್ಕು ದಿನದಿಂದ ಇದ್ದೇನೆ, ನನಗೆ ಕಂಡಿಲ್ಲವಲ್ಲ? ಮೆಲ್ಲಗೆ ಹೋಗಿ ಬಾಗಿಲ ಸಂದಿಯಲ್ಲಿ ಇಣುಕಿದೆ. ಅಷ್ಟರಲ್ಲಿ ಅತ್ತಿ ದೀಪ ಒಯ್ದುಬಿಟ್ಟಿದ್ದಳು. ಕತ್ತಲಲ್ಲಿ ಒಲೆಯ ಬೂದಿಯೊಳಗಿಂದ ಕೆಂಪಗಿನ ಒಂದೇ ಒಂದು ಕೆಂಡ ನನ್ನನ್ನೇ ನೋಡುತ್ತಿತ್ತು. ಹಗಲು ಎಷ್ಟು ಬೇಕಾದರೂ ಬೆಂಕಿ ಎನ್ನಬಹುದು, ದೀಪ ಹಚ್ಚಿದ ಮೇಲೆ ಆ ಹೆಸರನ್ನು ಆಡಬಾರದು, ಸಾಹೇಬರು ಎನ್ನಬೇಕು ಎಂಬುದು ಮಾಮನ ಕಾನೂನು ಎಂದು ನನಗೆ ತಿಳಿದದ್ದು ಮಾರನೆಯ ದಿನ. ಆ ರಾತ್ರಿ ಮಾತ್ರ ನಾನು ಅಜ್ಜಿಯ ಹಾಸಿಗೆಯಲ್ಲಿ ಮಲಗಿದೆ.

ಇನ್ನು ಅಮಾವಾಸ್ಯೆಯ ಕವಾಯತಿನ ಕತೆ. ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ, ಅಂಗಳದ ಬೇವಿನ ಮರಕ್ಕೆ ತೂಗುಹಾಕಿದ್ದ ರೈಲು ಹಳಿಯ ತುಂಡನ್ನು ಮಾಮ ಕಬ್ಬಿಣದ ಗೂಟದಿಂದ ಬಾರಿಸುತ್ತಿದ್ದರು. ಅದು ಮೊಳಗಿದ ಕೂಡಲೇ ಮನೆಯವರೆಲ್ಲ ತಮ್ಮ ತಮ್ಮ ವಸ್ತು ಹಿಡಿದು, ಕಣ್ಣು ಮುಚ್ಚಿಕೊಂಡು, ಬರಿಗಾಲಲ್ಲಿ ಹೊರಗೆ ಬರಬೇಕು. ಕಣ್ಣು ಏಕೆ ಮುಚ್ಚಬೇಕು? ಹೊಗೆಯಲ್ಲಿ ಕಣ್ಣು ಇದ್ದೂ ಇಲ್ಲದಂತೆ. ಹಾಗಾದರೆ ದಾರಿ? ದಾರಿ ಕಾಲಿಗೆ ಗೊತ್ತಿರಬೇಕು. ನಮ್ಮ ಕಡೆ ಮನೆಗಳ ನೆಲಕ್ಕೆಲ್ಲ ಶಹಾಬಾದ್ ಕಲ್ಲಿನ ಫರಸಿ, ಅಂದರೆ ಚಪ್ಪಡಿ. ಒಂದು ಫರಸಿಗೂ ಇನ್ನೊಂದಕ್ಕೂ ನಡುವೆ ಬೆರಳಗಲದ ಸಂದು. ಅಂಗಾಲಿಗೆ ಆ ಸಂದು ಸಿಕ್ಕಾಗಲೆಲ್ಲ ಒಂದು ಎಂದು ಎಣಿಸಬೇಕು. ನನ್ನ ಕೋಣೆಯ ಬಾಗಿಲಿಂದ ಒರಳಿನವರೆಗೆ ಐದು, ಅಲ್ಲಿ ಎಡಕ್ಕೆ ತಿರುಗಿ ಹೊರಬಾಗಿಲಿಗೆ ಒಂಬತ್ತು, ಒಟ್ಟು ಹದಿನಾಲ್ಕು. ಅಜ್ಜಿಗೆ ಕಿವಿ ಸರಿಯಾಗಿ ಕೇಳದಿದ್ದರೂ ಈ ಲೆಕ್ಕ ತಪ್ಪುತ್ತಿರಲಿಲ್ಲ. ನಾನು ಅರೆಗಣ್ಣು ತೆರೆದುಕೊಂಡೇ ಬರುತ್ತಿದ್ದೆ. ಎಣಿಸುತ್ತಿರಲಿಲ್ಲ.

ವಸ್ತುಗಳೋ! ಅತ್ತಿಯದು ಉಪ್ಪಿನಕಾಯಿ ಭರಣಿ. "ಬಂಗಾರ ಬಿಟ್ಟು ಉಪ್ಪಿನಕಾಯಿ ಯಾಕತ್ತಿ?" ಎಂದರೆ, "ಬಂಗಾರ ಹಚ್ಚಿಕೊಂಡು ರೊಟ್ಟಿ ತಿಂತಿಯೇನು?" ಎನ್ನುತ್ತಿದ್ದಳು. ಅಜ್ಜಿಯದು ಇನ್ನೂ ಸೊಗಸು. ತಾನು ಸತ್ತ ದಿನ ತನಗೆ ಉಡಿಸಬೇಕೆಂದು ಎತ್ತಿಟ್ಟಿದ್ದ ಹಸಿರು ಸೀರೆ. ಬೆಂಕಿಯಲ್ಲಿ ಸಾಯದಿರಲೆಂದು ಓಡುವಾಗ ಸಾಯುವ ಸೀರೆಯನ್ನೇ ಅಪ್ಪಿಕೊಂಡು ಬರುವ ಆ ಮುದುಕಿಯನ್ನು ನೋಡಿ ಪಕ್ಕದ ಮನೆಯ ದರ್ಜಿ ಚಾಚಾ ಗೋಡೆಯ ಆಚೆಯಿಂದ ನಗುತ್ತಿದ್ದರು.

"ನೀವ್ ನಗ್ತೀರಲ್ಲ ಚಾಚಾ, ನೀವ್ ಏನ್ ತರ್ತೀರಿ?" ಮಾಮನ ಪ್ರಶ್ನೆ.

"ಮಿಷನ್."

"ಮಿಷನ್ ನಿಮ್ಮಕಿಂತ ವಜನ್ ಅದ. ನೀವ್ ಅದನ್ನ ತರಂಗಿಲ್ಲ, ಅದು ನಿಮ್ಮನ್ನ ಇಟ್ಕೋತದ."

ಚಾಚಾ ಒಂದು ದಿನ ಪೂರ್ತಿ ಯೋಚನೆ ಮಾಡಿ ಮಾರನೆಯ ಬೆಳಿಗ್ಗೆ ಗೋಡೆಯ ಮೇಲಿಂದ ತಲೆ ಹಾಕಿದರು. "ಕತ್ತರಿ, ಭಾಯಿ. ಕತ್ತರಿ ತರ್ತೀನಿ. ಖರೇ ಹೇಳ್ತೀನಿ, ರಾತ್ರಿ ನಿದ್ದಿ ಹತ್ತಲಿಲ್ಲ."

ನನ್ನನ್ನು ನೋಡಲು ಶಹಾಬಾದಿನಿಂದ ಒಂದು ವರ ಬಂದಿತ್ತು. ಅವಲಕ್ಕಿ ತಿಂದಾಯಿತು. ನಾನು ಬಂದು ಕುಳಿತದ್ದಾಯಿತು. ಅವರ ಕಡೆಯವರು ನನ್ನನ್ನು ಏನಾದರೂ ಕೇಳುವ ಮೊದಲೇ ಮಾಮ ಹುಡುಗನನ್ನು ಕೇಳಿಬಿಟ್ಟರು. ಹುಡುಗ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು ತಾಯಿಯ ಮುಖ ನೋಡಿ, "ನಮ್ಮವ್ವ ಏನ್ ತಾ ಅಂತಾಳೋ ಅದನ್ನ ತರ್ತೀನ್ರಿ" ಎಂದ.

ಅವರು ಹೋದ ಮೇಲೆ ಮಾಮ ಅತ್ತಿಗೆ ಹೇಳಿದರು. "ಹುಡುಗ ಚಲೋ ಅದಾನ. ಆದ್ರ ಅವರವ್ವ ಹೇಳೂತನ ಬೆಂಕಿ ಕುಂತಿರಂಗಿಲ್ಲ." ಸಂಬಂಧ ಅಲ್ಲಿಗೇ ಮುಗಿಯಿತು. ಆ ಒಂದು ಉಪಕಾರಕ್ಕಾಗಿ ನಾನು ಮಾಮನ ಹುಚ್ಚನ್ನು ಒಂದು ತಿಂಗಳು ಗೌರವದಿಂದ ನೋಡಿದೆ.

ಆದರೆ ಇಷ್ಟೇ ಆಗಿದ್ದರೆ ನಗುತ್ತಲೇ ಇರಬಹುದಿತ್ತು. ಕವಾಯತಿನ ಕೊನೆಗೆ ಒಂದು ಗಳಿಗೆ ಬರುತ್ತಿತ್ತು. ಆಗ ಮಾತ್ರ ನಗು ಬರುತ್ತಿರಲಿಲ್ಲ.

ಎಲ್ಲರೂ ಬೇವಿನ ಮರದ ಕೆಳಗೆ ನಿಂತ ಮೇಲೆ ಮಾಮ ಬೆರಳು ತೋರಿಸಿ ಎಣಿಸುತ್ತಿದ್ದರು. ಅಜ್ಜಿ ಒಂದು, ಅತ್ತಿ ಎರಡು, ನಾನು ಮೂರು, ತಮ್ಮ ಎದೆ ಮುಟ್ಟಿಕೊಂಡು ನಾಲ್ಕು. ಆಮೇಲೆ ಸುಮ್ಮನೆ ನಿಲ್ಲುತ್ತಿದ್ದರು. ಖಾಲಿ ಬಾಗಿಲನ್ನೇ ನೋಡುತ್ತಿದ್ದರು. ಅತ್ತಿ ತಲೆ ತಗ್ಗಿಸುತ್ತಿದ್ದಳು. ಒಂದು ನಿಮಿಷ, ಕೆಲವೊಮ್ಮೆ ಎರಡು. ಮರದ ಮೇಲಿನ ಕಾಗೆ ಕೂಡ ಆಗ ಕೂಗುತ್ತಿರಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ಆಮೇಲೆ ಮಾಮ ಯಾರೋ ಹೊಸ್ತಿಲು ದಾಟಿ ಬಂದವರಿಗೆ ದಾರಿ ಬಿಡುವಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, "ಐದು. ಆತು, ಎಲ್ಲಾರೂ ಬಂದ್ರು, ನಡೀರಿ" ಎನ್ನುತ್ತಿದ್ದರು.

ಹೊರಬಾಗಿಲ ಪಕ್ಕದ ಮೊಳೆಗೆ ಒಂದು ಪುಟ್ಟ ಹಿತ್ತಾಳೆಯ ತಂಬಿಗೆ ತೂಗುತ್ತಿತ್ತು. ಚಿಕ್ಕ ಹುಡುಗಿಯ ಕೈಗೆ ಹಿಡಿಸುವಷ್ಟು. ಹಿತ್ತಾಳೆ ಎಂದು ಗೊತ್ತಾಗದಷ್ಟು ಕಪ್ಪು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಹಬ್ಬಕ್ಕೆ ಮನೆಯ ಪಾತ್ರೆಗಳೆಲ್ಲ ಹುಣಸೆಹಣ್ಣಿನಲ್ಲಿ ಬೆಳಗಿಸಿಕೊಂಡು ಹೊಳೆಯುವಾಗ ಅದೊಂದು ಕರ್ರಗೆ ಹಾಗೇ ತೂಗುತ್ತಿತ್ತು.

ಎರಡನೆಯ ವರ್ಷದಲ್ಲಿ ಒಂದು ಮಧ್ಯಾಹ್ನ ರೊಟ್ಟಿ ತಟ್ಟುತ್ತ ಅತ್ತಿ ಹೇಳಿದಳು.

"ನಿಮ್ಮವ್ವಗ ಒಬ್ಬಾಕಿ ತಂಗಿ ಇದ್ದಳು. ನಿನಗ ಚಿಗವ್ವ ಆಗಬೇಕು. ನಿಮ್ಮವ್ವ ಆಕಿ ಹೆಸರೇ ಎತ್ತಂಗಿಲ್ಲ. ಮಳಖೇಡದಾಗ ಇದ್ದಾಗ ಬಣವಿಗಿ ಬೆಂಕಿ ಬಿದ್ದು ಮನಿಗಿ ಹತ್ತಿತು. ನಿಮ್ಮ ಮಾಮಗ ಆಗಿನ್ನಾ ಮೀಸಿ ಮೂಡಿರಲಿಲ್ಲ. ತಂಗಿ ಕೈ ಹಿಡಿದು ಹೊರಗ ತಂದು ನಿಂದ್ರಿಸಿದ. ಬಾಜೂಕೇ ನಿಂತಿದ್ದಳು. ಈ ಕಡೆ ಹೊಳ್ಳಿ ನೋಡೂದ್ರಾಗ ಇಲ್ಲ. ತಂಬಗಿ ಬಿಟ್ಟು ಬಂದಿದ್ದಳಂತ. ತರಲಿಕ್ಕ ಹೋದಾಕಿ ಬರಲೇ ಇಲ್ಲ. ಮರುದಿನ ಬೂದಿಯಾಗ ತಂಬಗಿ ಸಿಕ್ತು. ಒಂದು ತಗ್ಗು ಸೈತ ಬಿದ್ದಿರಲಿಲ್ಲ."

ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು. ನಾವಿಬ್ಬರೂ ಅದನ್ನು ತೆಗೆಯಲಿಲ್ಲ.

ಇಷ್ಟು ಕೇಳಿದ ಮೇಲಾದರೂ ನನಗೆ ಬುದ್ಧಿ ಬರಬೇಕಿತ್ತಲ್ಲವೆ? ಬಂತು, ಆದರೆ ಕಾಲೇಜಿನ ಬುದ್ಧಿ ಬಂತು. ಅಲ್ಲಿಯವರೆಗೆ ನಾನು ಪ್ರತಿ ಅಮಾವಾಸ್ಯೆಗೂ ತಮಾಷೆಗೆ ಒಂದೊಂದು ವಸ್ತು ಹಿಡಿದು ಬರುತ್ತಿದ್ದೆ. ಒಮ್ಮೆ ಕಸಬರಿಗೆ, ಒಮ್ಮೆ ಬೆಕ್ಕಿನ ಮರಿ, ಒಮ್ಮೆ ಅತ್ತಿಯ ಉಪ್ಪಿನಕಾಯಿ ಭರಣಿಯನ್ನೇ ಅವಳಿಗಿಂತ ಮೊದಲು. ಈಗ ಗಂಭೀರಳಾದೆ. ಮಾಮ, "ಏ ಬಿ.ಎ., ನಿನ್ನ ವಸ್ತು ಯಾವುದು? ಒಂದು ಖಾಯಂ ಹೇಳಿಬಿಡು" ಎಂದಾಗ ನಾನು ತಲೆಯೆತ್ತಿ ನಿಂತು, "ನನಗೆ ಯಾವ ವಸ್ತುವಿನ ಮೇಲೂ ಮೋಹವಿಲ್ಲ ಮಾಮಾ. ನಾನು ಬರಿಗೈಯಲ್ಲಿ ಬರ್ತೀನಿ" ಎಂದೆ. ಚರ್ಚಾಸ್ಪರ್ಧೆಯಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು.

ಮಾಮ ನನ್ನ ಎರಡೂ ಕೈ ಹಿಡಿದುಕೊಂಡರು. "ಹಂಗನಬ್ಯಾಡ" ಎಂದರು. "ಬರಿಗೈಯವ್ರೇ ಹೊಳ್ಳಿ ಹೋಗ್ತಾರ. ಕೈ ತುಂಬಿದ್ರ ಮನಿಷ್ಯಾಗ ನಂದು ನನ್ನ ಹತ್ತಿರ ಅದ ಅಂತ ಸಮಾಧಾನ ಇರ್ತದ, ನಿಂತಲ್ಲೇ ನಿಂದಿರ್ತಾನ. ಬರಿಗೈ ಏನರೆ ಹುಡುಕತದ. ಅದಕ್ಕೇ ಕೇಳ್ತೀನಿ ಎಲ್ಲಾರಿಗೀ. ವಸ್ತು ಉಳೀಬೇಕಂತಲ್ಲ."

"ಕಲ್ಲಿನ ಮನೆಗೆ ಬೆಂಕಿ ಹತ್ತೋದೇ ಇಲ್ಲ ಬಿಡು ಮಾಮಾ" ಎಂದೆ. ಗೋಡೆ ಕಲ್ಲು, ನೆಲ ಕಲ್ಲು, ಮಾಳಿಗೆಗೂ, ಅಂದರೆ ಚಾವಣಿಗೂ, ಹಾಸುಗಲ್ಲು. ವಾಡಿ, ಶಹಾಬಾದ್ ಕಡೆಯವರಿಗೆಲ್ಲ ಇರುವ ಧೈರ್ಯ ಅದು. ಆ ಹಾಸುಗಲ್ಲುಗಳೆಲ್ಲ ಮರದ ಜಂತಿಗಳ ಮೇಲೆ ಕುಳಿತಿರುತ್ತವೆ ಎಂಬುದನ್ನು ನಾವು ತಲೆಯೆತ್ತಿ ನೋಡುವುದಿಲ್ಲ.

ಅದು ದೀಪಾವಳಿಯ ಮುಂಚಿನ ವಾರ. ಮಾರ್ಚಿನಲ್ಲಿ ಇಂಗ್ಲಿಷಿನಲ್ಲಿ ನಪಾಸಾಗಿದ್ದ ನಾನು ಅಕ್ಟೋಬರ್ ಪರೀಕ್ಷೆಗೆ ಓದುತ್ತಿದ್ದೆ. ಎರಡೇ ದಿನ ಉಳಿದಿತ್ತು. ಮನೆಗೆ ಸುಣ್ಣ ಬಳಿಯಬೇಕೆಂದು ಅತ್ತಿ ಶಹಾಬಾದಿನ ಭಟ್ಟಿಯಿಂದ ಒಂದು ಚೀಲ ಸುಟ್ಟ ಸುಣ್ಣದ ಹರಳು ತರಿಸಿದ್ದಳು. ಅದಕ್ಕೆ ನೀರು ತಗುಲಿದರೆ ಕೊತಕೊತ ಕುದಿದು ಕೆಂಡದಷ್ಟು ಕಾಯುತ್ತದೆಂದು ನಮ್ಮ ಕಡೆ ಕೂಸಿಗೂ ಗೊತ್ತು. ಮಾಮನಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು, ಅದೇ ತಪ್ಪಾದದ್ದು. ಮಳೆಗಾಲದಲ್ಲಿ ಫರಸಿ ಬೆವರುತ್ತದೆ, ಚೀಲ ನೆಲದ ಮೇಲೆ ಇರಬಾರದು ಎಂದು ಸ್ವತಃ ಮಾಮನೇ ಅದನ್ನು ಎತ್ತಿ, ಹಿಂದಿನ ಕೋಣೆಯಲ್ಲಿ ಉರುವಲಿಗೆಂದು ಒಟ್ಟಿದ್ದ ಒಣ ತೊಗರಿ ಕಟ್ಟಿಗೆಯ ಮೇಲೆ ಜೋಪಾನವಾಗಿ ಇಟ್ಟರು. ನೆಲದ ಬೆವರಿನ ಬಗ್ಗೆ ಯೋಚಿಸಿದ ಮನುಷ್ಯ ಆಕಾಶದ ಬಗ್ಗೆ ಯೋಚಿಸಲಿಲ್ಲ. ಆ ಕೋಣೆಯ ಮಾಳಿಗೆಯಲ್ಲಿ ಬೆಳಕಿಗೆಂದು ಬಿಟ್ಟ ಒಂದು ಕಿಂಡಿಯಿತ್ತು. ಅದಕ್ಕೆ ಒಂದು ಹಾಸುಗಲ್ಲು ಮುಚ್ಚಿರುತ್ತಿತ್ತು. ಹಿಂದಿನ ದಿನ ಆ ಕತ್ತಲ ಕೋಣೆಯಲ್ಲಿ ಹಳೆಯ ನೋಟ್ಸು ಹುಡುಕಲೆಂದು ಮಾಳಿಗೆ ಹತ್ತಿ ಆ ಕಲ್ಲನ್ನು ಸರಿಸಿದವಳು ನಾನು. ಮತ್ತೆ ಮುಚ್ಚಲಿಲ್ಲ.

ಮಧ್ಯಾಹ್ನ ಮೂರರ ಸುಮಾರಿಗೆ ಮಳೆ ಬಂತು. ಒಳ್ಳೆಯ ಮಳೆ. ಮಾಮ ಪಡಸಾಲೆಯಲ್ಲಿ ಮಲಗಿದ್ದವರು ಎದ್ದು ಕುಳಿತರು. ಮೂಗು ಅರಳಿಸಿದರು.

"ಸಾಹೇಬ್ರು ಬಂದಾರ" ಎಂದರು.

ಹಗಲಿನಲ್ಲಿ ಮಾಮ ಆ ಹೆಸರು ಆಡಿದ್ದು ಅದೇ ಮೊದಲು. ನಾನು ನಕ್ಕೆ. "ಇಷ್ಟು ಮಳೆಯಾಗೇನು ಮಾಮಾ? ನೆನೆದು ಬಂದಿರ್ತಾರ, ಟವೆಲ್ ಕೊಡ್ಲೇನು?"

ಅವರು ಮನೆಯೆಲ್ಲ ಮೂಸುತ್ತ ನಡೆದರು. ಒಲೆ ನೋಡಿದರು. ಬೂದಿ ತಣ್ಣಗಿತ್ತು. ದೇವರ ದೀಪ ಆರಿತ್ತು. ಕಬ್ಬಿಣದ ಡಬ್ಬಿಯ ಮೇಲೆ ಕಲ್ಲು ಇತ್ತು. ಆಮೇಲೆ ನನಗೂ ವಾಸನೆ ಬಂತು. ಅದು ಹೊಗೆಯ ವಾಸನೆಯಾಗಿರಲಿಲ್ಲ. ಹೊಸದಾಗಿ ಸುಣ್ಣ ಬಳಿದ ಹಸಿ ಗೋಡೆಯ ವಾಸನೆ. ಹಬ್ಬದ ವಾಸನೆ. ಬಳಿಯದ ಗೋಡೆಗಳಿಂದ ಆ ವಾಸನೆ ಏಕೆ ಬರಬೇಕು ಎಂದು ನಾನು ಯೋಚಿಸುತ್ತಿರುವಾಗ ಹಿಂದಿನ ಕೋಣೆಯ ಮುಚ್ಚಿದ ಕದದ ಕೆಳಗಿಂದ ಹಾಲಿನಂಥ ಬಿಳಿಯ ಹೊಗೆ ನೆಲದ ಮೇಲೆ ತೆವಳುತ್ತ, ಒಂದೊಂದೇ ಫರಸಿ ದಾಟುತ್ತ ನಮ್ಮ ಕಡೆ ಬಂತು. ಎಣಿಸುತ್ತ ಬಂದಂತೆ.

ಮಾಮ ಅಂಗಳಕ್ಕೆ ಹಾರಿ ಹಳಿ ಬಾರಿಸಿದರು.

ಅಜ್ಜಿ ಮೊದಲು ಬಂದಳು, ಕಣ್ಣು ಮುಚ್ಚಿ, ಹಸಿರು ಸೀರೆ ಅಪ್ಪಿಕೊಂಡು, ಅಮಾವಾಸ್ಯೆ ಇಂದೇ ಬಂತೇ ಎಂದು ಗೊಣಗುತ್ತ. ಅತ್ತಿ ಭರಣಿ ಹಿಡಿದು ಬಂದಳು. ನಾನು ಬರಿಗೈಯಲ್ಲಿ ಬಂದೆ. ಮಳೆಯಲ್ಲಿ ಮರದ ಕೆಳಗೆ ನಿಂತೆವು. ಒಳಗೆ ತೊಗರಿ ಕಟ್ಟಿಗೆಗೆ ಜ್ವಾಲೆ ಹತ್ತಿದ ಸದ್ದು ಚಟಪಟ ಎಂದು ಕೇಳಿಸಿತು. ಚಾಚಾ ಗೋಡೆ ಹಾರಿ ಬಂದವರೇ ಕೊಡಪಾನ ತುಂಬ ನೀರು ಹಿತ್ತಲಿನ ಕಿಟಕಿಯಿಂದ ಒಳಗೆ ಸುರಿದರು. ಬುಸ್ಸೆಂದು ಹಾವಿನಂಥ ಸದ್ದು, ಕಿಟಕಿಯಿಂದ ಬಿಳಿ ಮೋಡ. ಚಾಚಾ ಹಿಂದಕ್ಕೆ ಬಿದ್ದರು.

"ನೀರ್ ಹಾಕಬ್ಯಾಡ್ರಿ ಚಾಚಾ, ಸುಣ್ಣ ಅದು. ಮಣ್ಣ ಹಾಕ್ರಿ" ಎಂದು ಮಾಮ ಆ ಕಡೆ ಓಡಿದರು.

ಅಷ್ಟೇ ಸಮಯ. ಮಾಮ ಬೆನ್ನು ತಿರುಗಿಸಿದಷ್ಟು ಸಮಯ. ನನ್ನ ಬರಿಗೈ ಹುಡುಕತೊಡಗಿತು. ಹಾಲ್ ಟಿಕೆಟ್! ನಾಡಿದ್ದು ಪರೀಕ್ಷೆ. ನಾಲ್ಕು ಹೆಜ್ಜೆ ಒಳಗೆ, ನನ್ನ ಕೋಣೆಯ ಗೂಡಿನಲ್ಲಿ ಇದೆ, ಹೋದೆ ಬಂದೆ. ಹೋಗಬೇಕೆಂದು ನಾನು ನಿರ್ಧರಿಸಿದ್ದು ನೆನಪಿಲ್ಲ. ಹೊಸ್ತಿಲು ದಾಟಿದ್ದು ಮಾತ್ರ ನೆನಪಿದೆ.

ಗೂಡಿಗೆ ಕೈ ಹಾಕಿದೆ, ಏನೋ ಸಿಕ್ಕಿತು, ಹಿಡಿದುಕೊಂಡೆ, ತಿರುಗಿದೆ. ಬಾಗಿಲಿರಲಿಲ್ಲ. ಬಿಳುಪು, ಬರೀ ಬಿಳುಪು. ಹಬ್ಬಕ್ಕೆ ಯಾರೋ ಗಾಳಿಗೇ ಸುಣ್ಣ ಬಳಿದಂತೆ. ಕಣ್ಣು ಉರಿದು ಮುಚ್ಚಿಕೊಂಡವು. ಗೋಡೆ ತಡವಿ ಬಾಗಿಲು ಹಿಡಿದು ಹೊರಗೆ ಕಾಲಿಟ್ಟು ಎಣಿಸಿದೆ. ಒಂದು, ಎರಡು, ಮೂರು. ಎಲ್ಲಿಯೋ ಹಿಂದೆ ಬಿಸಿಗೆ ಒಂದು ಹಾಸುಗಲ್ಲು ಬಂದೂಕಿನಂತೆ ಸಿಡಿಯಿತು. ಲೆಕ್ಕ ಹಾರಿಹೋಯಿತು. ಒರಳು ಕಾಲಿಗೆ ತಾಗಿತು. ಇಲ್ಲಿ ಎಡಕ್ಕೋ ಬಲಕ್ಕೋ? ಮೂರು ವರ್ಷ ಅರೆಗಣ್ಣು ತೆರೆದು ನಡೆದವಳ ಕಾಲಿಗೆ ಏನು ಗೊತ್ತಿದ್ದೀತು? ಕುಸಿದು ಕುಳಿತೆ. ನೆಲ ಬೆಚ್ಚಗಿತ್ತು. ಹೆದರಿಕೆಯೂ ಇರಲಿಲ್ಲ ಎಂಬುದೇ ಈಗ ನನ್ನನ್ನು ಹೆದರಿಸುತ್ತದೆ. ಇಲ್ಲಿಯೇ ಇರೋಣ ಅನ್ನಿಸುತ್ತಿತ್ತು. ಪಕ್ಕದಲ್ಲಿ ಇನ್ನಾರೋ ಹೀಗೆಯೇ ಕುಳಿತಿದ್ದಾರೆ ಅನ್ನಿಸುತ್ತಿತ್ತು, ಚಿಕ್ಕವರು.

ಆಗ ಕೇಳಿಸಿತು. ಟಣ್. ಟಣ್. ಟಣ್.

ಹಳಿಯ ಸದ್ದು ದಪ್ಪ. ಇದು ತೆಳು, ಹಿತ್ತಾಳೆಯದು. ನಿಲ್ಲದೆ, ಒಂದೇ ಕಡೆಯಿಂದ. ಅದರ ಜೊತೆಗೆ ಒಂದು ಗಂಡುದನಿ, ಆದರೆ ಮಾಮನ ದನಿಯಲ್ಲ, ಮೀಸೆ ಮೂಡದ ಹುಡುಗನ ಒಡಕು ದನಿ. "ಬಿಟ್ಟು ಬಾ ತಂಗೀ. ಏನೂ ಬ್ಯಾಡ. ಬಿಟ್ಟು ಬಾ. ನಾ ಇಲ್ಲೇ ಅದೀನಿ, ಎಲ್ಲೀ ಹೋಗಂಗಿಲ್ಲ, ಬಿಟ್ಟು ಬಾ."

ನಾನು ಸದ್ದಿನ ಕಡೆ ಅಂಬೆಗಾಲಿಟ್ಟೆ. ಒಂಬತ್ತು ಫರಸಿ. ಈ ಸಲ ಎಣಿಸಿದೆ. ಎಂಟನೆಯದಕ್ಕೆ ಬಾಯಿ ತೆರೆದು ಕೂಗಿದೆ. ಮಾಮಾ ಎಂದು ಕೂಗಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಬಂದೆ ಅಣ್ಣಾ."

ಹಾಗೇಕೆ ಅಂದೆ? ನನಗೆ ಗೊತ್ತಿಲ್ಲ. ಹೊಗೆ ಕುಡಿದ ತಲೆ ಏನೇನೋ ಮಾಡುತ್ತದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಬಿ.ಎ. ಓದಿದವಳು ಬೇರೇನು ಹೇಳಿಕೊಳ್ಳಲಿ?

ಹೊಸ್ತಿಲಲ್ಲಿ ಮಾಮ ನಿಂತಿದ್ದರು. ಎಡಗೈಯಲ್ಲಿ ಆ ಕರಿ ತಂಬಿಗೆ, ಬಲಗೈಯಲ್ಲಿ ಹಳಿ ಬಾರಿಸುವ ಗೂಟ. ನಾನು ಅವರ ಕಾಲ ಮೇಲೆ ಬಿದ್ದ ಮೇಲೂ ಬಾರಿಸುತ್ತಲೇ ಇದ್ದರು. ಚಾಚಾ ಬಂದು ಕೈ ಹಿಡಿದು ನಿಲ್ಲಿಸಬೇಕಾಯಿತು. ಮಳಖೇಡದ ಬೆಂಕಿಯಲ್ಲಿ ಒಂದು ತಗ್ಗೂ ಬೀಳದಿದ್ದ ತಂಬಿಗೆ ಒಂದು ಕಡೆ ಪೂರಾ ನಜ್ಜುಗುಜ್ಜಾಗಿತ್ತು.

ಅತ್ತಿ ನನ್ನ ಮುಷ್ಟಿ ಬಿಡಿಸಿದಳು. ಪ್ರಾಣ ಪಣಕ್ಕಿಟ್ಟು ನಾನು ಉಳಿಸಿ ತಂದಿದ್ದುದು ಹಲ್ಲುಪುಡಿಯ ಡಬ್ಬಿ. ಹಾಲ್ ಟಿಕೆಟ್ ನನ್ನ ಕಾಲೇಜು ಚೀಲದಲ್ಲಿತ್ತು. ಚೀಲದ ಪಟ್ಟಿ ಕಿತ್ತಿತ್ತೆಂದು ಎರಡು ದಿನದ ಹಿಂದೆ ನಾನೇ ಅದನ್ನು ಚಾಚಾನಿಗೆ ಹೊಲಿಯಲು ಕೊಟ್ಟಿದ್ದೆ.

"ಹಲ್ ಚಲೋ ಇರ್ತಾವ ಬಿಡು, ಬೇಟಿ" ಎಂದರು ಚಾಚಾ. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಅತ್ತರು.

ಓಣಿಯ ಜನ ಮಣ್ಣು ಸುರಿದು ಬೆಂಕಿ ಆರಿಸಿದರು. ಹಿಂದಿನ ಕೋಣೆ, ನನ್ನ ಕೋಣೆ ಹೋದವು. ಮುಂದಿನ ಪಡಸಾಲೆ ಉಳಿಯಿತು. ಎರಡು ದಿನ ಮಾಮ ಒಬ್ಬರೇ ಹಿಂದಿನ ಕೋಣೆಯ ಬೂದಿ ತೋಡಿದರು. ಮೂರನೆಯ ದಿನ ಪರೀಕ್ಷೆ ಬರೆದು ಬಂದ ನಾನು ಅವರ ಪಕ್ಕದಲ್ಲಿ ಕುಳಿತು, ಕಿಂಡಿಯ ಕಲ್ಲು ಸರಿಸಿದ್ದು ನಾನೇ ಎಂದು ಹೇಳಿದೆ.

"ಗೊತ್ತದ" ಎಂದರು. "ಚೀಲ ಅಲ್ಲಿಟ್ಟಾಂವ ನಾನೇ ಅಲ್ಲೇನು? ಇಬ್ಬರೂ ಕೂಡೇ ಹಚ್ಚೀವಿ ಬಿಡು."

"ಒಳಗೆ ಯಾಕೆ ಬರಲಿಲ್ಲ ಮಾಮಾ? ಬಾಗಿಲಲ್ಲೇ ಯಾಕೆ ನಿಂತಿರಿ?" ನನ್ನ ಪ್ರಶ್ನೆಯಲ್ಲಿ ದೂರು ಇರಲಿಲ್ಲ. ನಿಜವಾಗಿ ತಿಳಿಯಬೇಕಿತ್ತು.

ಮಾಮ ಅಂಗೈ ನೋಡಿಕೊಂಡರು. "ಅವತ್ತ ನಾ ಒಳಗ ಓಡಿದ್ದೆ. ಆಕಿನ್ನ ಹುಡುಕಲಿಕ್ಕ. ಆಕಿ ಒಂದು ಕಡಿ, ನಾ ಒಂದು ಕಡಿ. ನನ್ನ ಹಿಂದಿನ ಬಾಗಿಲದಿಂದ ಯಾರೋ ಎಳಕೊಂಡ್ರು. ನಾ ಬಾಗಿಲದಾಗೇ ನಿಂತು ಕೂಗಿದ್ರ ಆಕಿಗೆ ದಾರಿ ಗೊತ್ತಾಗ್ತಿತ್ತು. ಇಷ್ಟು ವರ್ಷ ಅದನ್ನೇ ವಿಚಾರ ಮಾಡೀನಿ. ಯಾರರೆ ಒಬ್ಬರು ಬಾಗಿಲದಾಗ ನಿಂದ್ರಬೇಕು."

ಈಗ ನಾನು ಇರುವ ಮನೆಯ ನೆಲಕ್ಕೂ ಶಹಾಬಾದ್ ಕಲ್ಲೇ. ಹಾಸಿಗೆಯಿಂದ ಬಾಗಿಲಿಗೆ ಹನ್ನೊಂದು. ಮಳೆ ಬಂದ ದಿನ, ಎಲ್ಲಿಯಾದರೂ ಹೊಸ ಸುಣ್ಣದ ವಾಸನೆ ಬಂದ ದಿನ, ಕಾಲು ತಾನಾಗಿಯೇ ಎಣಿಸುತ್ತದೆ. ಮನೆಗೆ ಬಂದವರನ್ನು ನಾನು ಮೊದಲು ಏನು ಕೇಳುತ್ತೇನೆ ಎಂದು ನನ್ನ ಗಂಡ ಊರೆಲ್ಲ ಹೇಳಿಕೊಂಡು ನಗುತ್ತಾರೆ. ನಗಲಿ. ಅವರ ವಸ್ತು ಯಾವುದೆಂದು ಮದುವೆಗೆ ಮೊದಲೇ ಕೇಳಿಟ್ಟುಕೊಂಡಿದ್ದೇನೆ.

ಆಗ ವಾಡಿಯಲ್ಲಿ ಸುಟ್ಟ ಮಾಳಿಗೆ ರಿಪೇರಿಯಾದ ಮೇಲೆ ಬಂದ ಮೊದಲ ಅಮಾವಾಸ್ಯೆಯ ಮಧ್ಯಾಹ್ನ ಮತ್ತೆ ಹಳಿ ಮೊಳಗಿತು. ಅಜ್ಜಿ ಸೀರೆ ಹಿಡಿದು ಬಂದಳು, ಅತ್ತಿ ಭರಣಿ ಹಿಡಿದು. ಮೊಳೆಗೆ ತೂಗುತ್ತಿದ್ದ ತಂಬಿಗೆಯನ್ನು ಹಿಂದಿನ ದಿನ ಮಾಮನೇ ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು, "ಇನ್ನ ಮ್ಯಾಲ ಇದು ನಿನ್ನ ವಸ್ತು" ಎಂದು ನನ್ನ ಗೂಡಿನಲ್ಲಿ ಇಟ್ಟಿದ್ದರು. ನಾನು ಅದನ್ನು ಎದೆಗವಚಿಕೊಂಡು, ಕಣ್ಣು ನಿಜವಾಗಿ ಮುಚ್ಚಿಕೊಂಡು, ಹದಿನಾಲ್ಕು ಎಣಿಸಿ ಹೊರಗೆ ಬಂದೆ.

ಮಾಮ ಬೆರಳು ತೋರಿಸಿ ಎಣಿಸಿದರು. "ಒಂದು, ಎರಡು, ಮೂರು, ನಾಕು. ಆತು, ನಡೀರಿ."

ಬಾಗಿಲ ಕಡೆ ನೋಡಲಿಲ್ಲ. ಗೂಟ ಕೆಳಗಿಟ್ಟು ಒಳಗೆ ಹೊರಟರು. ಅತ್ತಿ, ಅಜ್ಜಿ ಹಿಂದೆ ಹೋದರು. ನಾನು ಮಾತ್ರ ನಿಂತೇ ಇದ್ದೆ, ಖಾಲಿ ಹೊಸ್ತಿಲನ್ನು ನೋಡುತ್ತ.

"ಏ ಬಿ.ಎ., ಯಾರ ದಾರಿ ನೋಡಲಿಕತ್ತಿ?"

"ಐದು ಆಗಲಿಲ್ಲಲ್ಲ ಮಾಮಾ."

ಮಾಮ ಹಿಂದಕ್ಕೆ ಬಂದರು. ನನ್ನ ಕೈಯಲ್ಲಿದ್ದ ತಂಬಿಗೆಯ ನಜ್ಜಿನ ಮೇಲೆ ಹೆಬ್ಬೆರಳು ಆಡಿಸಿದರು. ಹೊಸ ಹಿತ್ತಾಳೆಯಂತೆ ಅದು ಬಿಸಿಲಿಗೆ ಹೊಳೆಯುತ್ತಿತ್ತು.

"ಆಕಿ ಅವತ್ತೇ ಬಂದ್ಳಲ್ಲವಾ, ನಿನ್ನ ಜೋಡಿನೇ" ಎಂದರು. "ನಡಿ. ಚಾ ಆರಲಿಕತ್ತದ."